ಮಾಳಿಂಗಪ್ಪ ಆರಿಸಿದ ಡೇರೆ

ಮಸ್ಕಿಯ ಮಾಳಿಂಗಪ್ಪ ತೀರಿಕೊಂಡನೆಂದಾಗ ಊರಲ್ಲಿ ಹಲವರು ನಂಬಲಿಲ್ಲ. ಅಷ್ಟು ಗಟ್ಟಿ ಆಳು ಒಂದು ಮಳೆಗೆ ಹೋಗುತ್ತಾನೆಯೇ ಎಂದರು. ಮಳೆ ಏನು ಮಾಡಬಲ್ಲದೆಂದು ಅವನ ಹೆಂಡತಿ ಯಮನೂರಮ್ಮನಿಗೆ ಮೊದಲೇ ಗೊತ್ತಿತ್ತು.

ಕುರಿ ಹೊಡೆದುಕೊಂಡು ಸಿಂಧನೂರು ಕಡೆಯ ಎರೆಹೊಲಗಳಿಗೆ ಹೋಗುವುದು, ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಮಂದೆ ತರುಬಿ ನಿಲ್ಲಿಸುವುದು, ಹೊಲದವರು ಅಳೆದ ಜೋಳದಲ್ಲಿ ಉಣ್ಣುವುದು, ಇದು ಅವರ ಬದುಕು. ವರ್ಷದ ಹೆಚ್ಚು ದಿನ ಬಯಲೇ ಮನೆ; ಗೂಟಕ್ಕೆ ಕಟ್ಟಿದ ಹಳೆಯ ಕಂಬಳಿಯೇ ಮಾಡು. ಆ ಕಂಬಳಿಯ ಕೆಳಗೆ ಹುಟ್ಟಿದ ಎರಡು ಕೂಸುಗಳು ಥಂಡಿಗೆ ಹೋಗಿದ್ದವು. ಎರಡನ್ನೂ ಯಾರದೋ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು. ಮಸ್ಕಿಯಲ್ಲಿ ಬಾಣಂತನ ಮಾಡುವ ಹಿರಿಯರು ಯಾರೂ ಉಳಿದಿರಲಿಲ್ಲವಾದ್ದರಿಂದ ಮೂರನೆಯ ಸಲ ಬಸುರಾದಾಗಲೂ ಅವಳು ಮಂದೆಯ ಜೊತೆಗೇ ಹೋಗಬೇಕಾಗಿತ್ತು.

"ಈ ಕೂಸು ಉಳೀಬೇಕ್ರಿ," ಅಂದಳು. "ನಾ ಇನ್ನೊಂದ್ ಕುಣಿ ನೋಡಾಕ ಒಲ್ಲೆ."

ಮರುವಾರವೇ ಮಾಳಿಂಗಪ್ಪ ಡೇರೆಯ ಬೆಲೆಗೆಂದು ಎರಡು ಟಗರು ಹೊಡೆದುಕೊಂಡು, ಅವಳನ್ನೂ ಕರೆದುಕೊಂಡು ಲಿಂಗಸುಗೂರಿಗೆ ಹೋದ. ಅಲ್ಲಿ ಶಾಮೀದಸಾಬ, ಊರೂರು ತಿರುಗುತ್ತಾ ದೌರೆಗೆ ಬರುವ ಸರಕಾರಿ ಸಾಹೇಬರ ಡೇರೆಗಳನ್ನು ಹೊಲಿಯುವವನು, ಮಾಳಿಂಗಪ್ಪನ ಹಳೆಯ ಗೆಳೆಯ.

ಆರಿಸುವುದರಲ್ಲೇ ಹೊತ್ತು ಇಳಿಯಿತು. ತೆಳು ಬಟ್ಟೆಯದು ಸಾಮಾನು ಹೊರುವ ಕತ್ತೆಯ ಬೆನ್ನಿಗೆ ಹಗುರ, ಆದರೆ ನೆನೆದಾಗ ಬೆರಳು ತಾಗಿದಲ್ಲೆಲ್ಲ ಒಳಗೆ ಸೋರುತ್ತಿತ್ತು. ಎರಡು ಪದರಿನ ದಪ್ಪ ಬಟ್ಟೆ ಬಿಸಿಲು, ಗಾಳಿ, ಮಳೆ ಮೂರನ್ನೂ ತಡೆಯುತ್ತಿತ್ತು, ನೆನೆದರೆ ಭಾರ. ಕಬ್ಬಿಣದ ಗೂಟ ಹಸಿ ಎರೆಯಲ್ಲಿ ಕಿತ್ತು ಬರುತ್ತದೆಂದು ಜಾಲಿಯ ಉದ್ದ ಗೂಟ ಕೇಳಿದ. ಕೊನೆಗೆ ಅಲ್ಲಿದ್ದ ದಪ್ಪ ಬಟ್ಟೆಯದೊಂದನ್ನು ನೋಡಲೆಂದು ಕಟ್ಟಿಸಿ, ಹೆಂಡತಿಯನ್ನು ಒಳಗೆ ಕೂಡಿಸಿ ಮೇಲೆ ಕೊಡಗಟ್ಟಲೆ ನೀರು ಸುರಿದ. ಅವಳು ಕೂಸು ಮಲಗಿಸುವ ಜಾಗದ ಮೇಲೆ ಅಂಗೈ ಆಡಿಸಿ ನೋಡಿದಳು. ನೆಲ ಒಣಗಿಯೇ ಇತ್ತು.

ಆದರೆ ಆ ಬಟ್ಟೆಯಲ್ಲಿ ಅಗಲವಾಗಿ ಹೊಲಿದರೆ ಕತ್ತೆ ಹೊರದು. ಎಷ್ಟು ಮಂದಿಗೆ ಬೇಕೆಂದು ಸಾಬ ಕೇಳಿದ.

"ಇಕಿ, ಹುಟ್ಟೋ ಕೂಸು, ಒಂದೀಟು ಎಳೀ ಮರಿ."

"ಮತ್ತ ನೀ?"

"ನಾ ಕುರಿ ನಡುವ ಮಲಗಾಂವ. ನನಗ ಕಂಬಳಿ ಐತಿ."

"ಹಂಗಾರ ನೀನೂ ಒಂದು ಟಗರ ಆದಿ ಬಿಡಪ," ಎಂದು ಸಾಬ ನಕ್ಕ. ಯಮನೂರಮ್ಮನೂ ನಕ್ಕಳು. ಡೇರೆ ಹೆಂಗಸರದು, ಮರಿಗಳದು. ಗಂಡಸಿನ ಜಾಗ ಮಂದೆಯ ನಡುವೆ. ಅವರಲ್ಲಿ ಹಿಂದಿನಿಂದ ಬಂದ ರೂಢಿ ಅದು. ಅಳತೆಯಲ್ಲಿ ಅವನನ್ನು ಬಿಟ್ಟದ್ದು ತಪ್ಪೆಂದು ಯಾರಿಗೂ ಅನಿಸಲಿಲ್ಲ.

ಮಾಗಿಯಲ್ಲಿ, ಗೊರೇಬಾಳದ ಹೊಲದಲ್ಲಿ ಗಂಡು ಕೂಸು ಹುಟ್ಟಿತು. ಅವಳು ಇನ್ನೂ ಹಸಿ ಬಾಣಂತಿಯಾಗಿರುವಾಗಲೇ ಅಕಾಲದ ಮಳೆ ಹಿಡಿದು ಬಿಡದೆ ಹೊಯ್ದಿತು. ಮರಿ ಹಾಕುವ ದಿನಗಳು ಬೇರೆ. ಮಾಳಿಂಗಪ್ಪ ನಡುಗುವ ಮರಿಗಳನ್ನು ಒಂದೊಂದಾಗಿ ತಂದು ಡೇರೆಯೊಳಗೆ ಬಿಡುತ್ತಿದ್ದ. ಅವನ ಕಂಬಳಿಯಿಂದ ನೀರು ಇಳಿಯುತ್ತಿತ್ತು. ತುಟಿ ಕಪ್ಪಾಗಿತ್ತು.

"ಒಳಗ ಬರ್ರಿ. ಮರಿ ಸರಸ್ತೀನಿ."

ಅವನು ಬಗ್ಗಿ ನೋಡಿದ. "ಎಲ್ಲೈತಿ ಜಾಗ? ನಾ ಬಂದ್ರ ನನ್ನ ಕೂಡ ನೀರೂ ಬರತೈತಿ. ಕೂಸು ಬೆಚ್ಚಗೈತಿಲ್ಲ?"

"ಬೆಚ್ಚಗೈತಿ."

ಅಷ್ಟು ಕೇಳಿ ಬಾಗಿಲ ಬಟ್ಟೆ ಎಳೆದು ಹೊರಗಿನಿಂದ ಹಗ್ಗ ಬಿಗಿದ.

ಮಳೆ ನಿಂತಾಗ ಅವನಿಗೆ ಮೈ ಸುಡುತ್ತಿತ್ತು. ಯಮನೂರಮ್ಮ ಮರಿಗಳನ್ನೆಲ್ಲ ಹೊರಗೆ ಹಾಕಿ ಅವನನ್ನು ಒಳಗೆ ಎಳೆದು ಮಲಗಿಸಿದಳು. ಮೊಣಕಾಲಿನಿಂದ ಕೆಳಗೆ ಹೊರಗೇ ಉಳಿಯಿತು. ಅದರ ಮೇಲೆ ತನ್ನ ಸೀರೆ ಹೊದಿಸಿದಳು. ಎದೆ ಹಿಡಿದು ಉಸಿರು ಸಿಗದಿದ್ದರೂ ಅವನು ಮೇಲಿನ ಹೊಲಿಗೆ ನೋಡುತ್ತಾ, "ಸಾಬ ಚಲೋ ಹೊಲದಾನ," ಅಂದ. ವಾರ ತುಂಬುವುದರೊಳಗೆ ಹೋದ.

ಯುಗಾದಿಯ ಹೊತ್ತಿಗೆ ಶಾಮೀದಸಾಬ ಮಸ್ಕಿಗೆ ಬಂದ. ಮೈದುನನ ಮಂದೆಯ ಜೊತೆ ಹೊರಡಲು ಅವಳು ಡೇರೆಯನ್ನು ಬಿಸಿಲಿಗೆ ಕಟ್ಟಿದ್ದಳು. ಹೊಲಿಗೆ ಎಲ್ಲಿಯೂ ಒಂದು ಎಳೆ ಬಿಚ್ಚಿರಲಿಲ್ಲ. ಸಾಬ ಅದರ ಅಂಚು ಹಿಡಿದು ಅಗಲವನ್ನು ಗೇಣಿನಿಂದ ಅಳೆದ. ಆಮೇಲೆ, ಏನೂ ತಗೊಳ್ಳದೆ ಒಂದು ಪಟ್ಟಿ ಕೂಡಿಸಿ ಅಗಲ ಮಾಡಿಕೊಡುತ್ತೇನೆ ಅಂದ.

"ಯಾರಿಗೆ, ಅಣ್ಣ?" ಎಂದು ಕೇಳಿದಳು ಯಮನೂರಮ್ಮ.

ಅವನು ಅಂಚು ಬಿಟ್ಟ. ಒಳಗೆ ಕೂಸು ಎದ್ದು ಅಳತೊಡಗಿತು. ಅವಳು ಬಗ್ಗಿ ಒಳಗೆ ಹೋದಳು.