ದನಿ ನುಂಗಿದ ಡಬ್ಬ

ಮೊನ್ನೆ ಅಟ್ಟ ಖಾಲಿ ಮಾಡುವಾಗ ನನ್ನ ಹಳೆಯ ಚಿಕ್ಕ ಕಂಪ್ಯೂಟರ್ ಸಿಕ್ಕಿತು. ಊಟದ ಡಬ್ಬಿಯಷ್ಟೇ ದೊಡ್ಡದು. ಆಫೀಸಿನವರು ಹಳೆಯದಾಯಿತೆಂದು ನನಗೆ ಕೊಟ್ಟಿದ್ದರು. ಧೂಳು ಒರೆಸಲು ಹತ್ತಿರ ಹಿಡಿದಾಗ ಅದರ ಗಾಳಿಕಿಂಡಿಯಿಂದ ಸಾಂಬ್ರಾಣಿಯ ವಾಸನೆ ಬಂತು. ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಕಂಪ್ಯೂಟರಿಗೆ ಯಾರಾದರೂ ಸಾಂಬ್ರಾಣಿ ಹಾಕುತ್ತಾರೆಯೆ? ನಮ್ಮ ಓನರಮ್ಮ ಹಾಕಿದ್ದರು…

ಆಗ ನಾನು ಜರಗನಹಳ್ಳಿಯಲ್ಲಿ ಅವರ ಮನೆಯ ಮೇಲಿನ ಒಂದು ರೂಮಿನಲ್ಲಿ ಬಾಡಿಗೆಗಿದ್ದೆ. ಕೆಳಗೆ ಅವರು ಮತ್ತು ಅವರ ಯಜಮಾನರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಅಣ್ಣ ತಮ್ಮ ಪಾಲು ಮಾಡಿಕೊಂಡು ಮನೆ ಕಟ್ಟಿದ್ದರು. ಎರಡೂ ಮನೆಗೆ ಒಂದೇ ಗೋಡೆ. ಗೋಡೆಯ ಆಚೆ ಯಜಮಾನರ ಅಣ್ಣನ ಸಂಸಾರ.

ಅನುಮಾನಪಡುವುದರಲ್ಲಿ ಓನರಮ್ಮ ಯಾರಿಗೂ ಭೇದ ಮಾಡುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ಸೂಜಿ ಚುಚ್ಚಿದೆಯೇ ಎಂದು ನೋಡುತ್ತಿದ್ದರು. ನನಗೆ ಕೊರಿಯರ್ ಬಂದರೆ ಕೊಡುವ ಮೊದಲು ಅಲ್ಲಾಡಿಸಿ ಕೇಳುತ್ತಿದ್ದರು. ನಾನು ನಕ್ಕರೆ ಯಾಕೆ ನಕ್ಕೆ ಎಂಬುದೇ ಇನ್ನೊಂದು ಅನುಮಾನ.

ಆ ವರ್ಷ ಆಚೆ ಮನೆಯ ಅಣ್ಣ ತೀರಿಕೊಂಡರು. ಹಿರಿಯರು ಹೋದರೆ ವರ್ಷ ತುಂಬುವವರೆಗೆ ಅವರ ಮನೆತನದಲ್ಲಿ ಹಬ್ಬವಿಲ್ಲ, ಹಾಡಿಲ್ಲ. ಓನರಮ್ಮ ಟಿವಿಯನ್ನೂ ಅದಕ್ಕೆ ಸೇರಿಸಿದರು. “ಚಿತ್ರ ಬೇಕಾದ್ರೆ ನೋಡ್ಕೊಳ್ಳಿ, ಸದ್ದು ಮಾತ್ರ ಬೇಡ. ಗೋಡೆಯಾಚೆ ನಮ್ಮಕ್ಕ ಕಿವಿ ಇಟ್ಕೊಂಡೇ ಕೂತಿರ್ತಾಳೆ” ಎಂದು ಯಜಮಾನರಿಗೆ ಹೇಳಿದರು. ಅಕ್ಕ ಎಂದರೆ ಅವರ ಓರಗಿತ್ತಿ, ತೀರಿಹೋದ ಅಣ್ಣನ ಹೆಂಡತಿ.

ಯಜಮಾನರು ಕಂದು ಬಣ್ಣದ ಮಂಕಿ ಟೋಪಿಯನ್ನು ಕತ್ತಿನವರೆಗೆ ಎಳೆದುಕೊಂಡು, ಶಾಲು ಹೊದ್ದು, ಸದ್ದಿಲ್ಲದ ಟಿವಿಯ ಮುಂದೆ ಕೂತಿರುತ್ತಿದ್ದರು. ಓನರಮ್ಮ ಅಡುಗೆಮನೆಯಿಂದ ಕೂಗಿದರೆ ಓಗೊಡುತ್ತಿರಲಿಲ್ಲ.

“ತಿರುಗಿ ಕೂಡ ನೋಡಲ್ಲ ಕಣಮ್ಮ” ಎಂದು ಒಮ್ಮೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದರು. “ನನ್ ಮೇಲೆ ಏನೋ ಇಟ್ಕೊಂಡಿದಾರೆ. ನಿನ್ ಹತ್ರ ಏನಾದ್ರೂ ಅಂದ್ರಾ?”

“ಇಲ್ಲಮ್ಮ.”

“ಅಂದಿದ್ರೂ ನೀನು ಹೇಳಲ್ಲ ಬಿಡು.”

ಚಳಿ ಕಳೆಯುವ ಹೊತ್ತಿಗೆ ಯಜಮಾನರಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಅವರ ಬಟ್ಟೆಗಳನ್ನು ದಾನ ಕೊಡುವಾಗ ಮಂಕಿ ಟೋಪಿ ಕಾಣಲಿಲ್ಲವೆಂದು ಓನರಮ್ಮ ಕೆಲಸದವಳ ಚೀಲ ತೆಗೆಸಿ ನೋಡಿದರು. ಟಿವಿಗೆ ಬೆಡ್‌ಶೀಟು ಹೊದಿಸಿದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಸೆರಗಿನ ಗಂಟಿನಿಂದ ಪೆನ್‌ಡ್ರೈವ್ ಬಿಚ್ಚಿ ತೋರಿಸಿದರು. ಮಗಳ ಮದುವೆಯ ವಿಡಿಯೋ. “ಫೋಟೋ ಬೇಕಾದಷ್ಟಿದೆ. ಅವ್ರ ದನಿ ಇರೋದು ಇದೊಂದ್ರಲ್ಲೇ. ಟಿವಿಗೆ ಚುಚ್ಚಿದ್ರೆ ಬರಲ್ಲ ಅಂತದೆ. ನಿನ್ ಕಂಪ್ಯೂಟ್ರಲ್ಲಿ ಆಗುತ್ತಾ? ಮೆತ್ತಗೆ ಇಟ್ಕೊಂಡು ಕೇಳ್ತೀನಿ.” ಮೇಲೆ ತೆಗೆದುಕೊಂಡು ಹೋಗಿ ನೋಡುತ್ತೇನೆ ಎಂದಾಗ ಅವರ ಕೈ ಹಿಂದಕ್ಕೆ ಹೋಯಿತು. “ಇಲ್ಲೇ ಆಗ್ಲಿ. ನನ್ ಕಣ್ಣೆದುರಿಗೇ.”

ನನ್ನ ಡಬ್ಬದಂಥ ಕಂಪ್ಯೂಟರನ್ನು ಕೆಳಗೆ ತಂದೆ. ಹೊರಗಿನ ವಸ್ತು ಎಂದು ಮೊದಲು ಅದರ ಸುತ್ತ ಸಾಂಬ್ರಾಣಿ ಹೊಗೆ ಆಡಿಸಿದರು. ಆಮೇಲೆ ಬೆಡ್‌ಶೀಟು ಸರಿಸಿ ಟಿವಿಗೆ ಕೇಬಲ್ ಹಾಕಿದೆ. ಚಿತ್ರ ಬಂತು. ಪೇಟ ಸುತ್ತಿದ ಯಜಮಾನರು ಛತ್ರದ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಕರೆಯುತ್ತಿದ್ದರು. ಬಾಯಿ ಆಡುತ್ತಿತ್ತು. ದನಿ ಇರಲಿಲ್ಲ.

ರಿಮೋಟಿನಲ್ಲಿ ಸದ್ದು ಜಾಸ್ತಿ ಮಾಡಿದೆ. ಕೇಬಲ್ ಬದಲಿಸಿದೆ, ಟಿವಿಯ ಇನ್ನೊಂದು ಕಿಂಡಿಗೆ ಹಾಕಿದೆ. ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಸದ್ದು ಟಿವಿಗೇ ಹೋಗಲಿ ಎಂದು ಆರಿಸಿದೆ. ಪರದೆಯ ಮೇಲೆ ಸದ್ದಿನ ಗೆರೆ ಕುಣಿಯುತ್ತಿತ್ತು, ಕೋಣೆ ಮಾತ್ರ ತಣ್ಣಗಿತ್ತು. ಕೊನೆಗೆ ನನ್ನ ಡಬ್ಬವನ್ನು ಕಿತ್ತು, ಅವರ ಮಾಮೂಲಿ ಕೇಬಲ್ ಚಾನೆಲ್ ಹಾಕಿದೆ. ಅದಕ್ಕೂ ಸದ್ದಿಲ್ಲ.

ಓನರಮ್ಮ ನನ್ನನ್ನೇ ನೋಡುತ್ತಿದ್ದರು. “ನಿನ್ ಡಬ್ಬ ಬಂದ್ಮೇಲೇ ಹೋಗಿದ್ದು. ಟಿವಿದೂ ಹೋಯ್ತು, ಇದ್ರಲ್ಲಿದ್ದಿದ್ದೂ ಹೋಯ್ತು. ನಿಜ ಹೇಳು, ಅಳಿಸ್ಬಿಟ್ಯಾ?”

“ದನಿ ಹಂಗೆಲ್ಲ ಅಳಿಯಲ್ಲಮ್ಮ.”

“ಮನುಷ್ಯನೇ ಅಳಿಸಿ ಹೋದ. ದನಿಯೇನು ಮಹಾ?”

ನನಗೂ ಅನುಮಾನ ಹುಟ್ಟಿತು. ಮನೆ ಹತ್ತಿರದ ಕನಕಪುರ ರಸ್ತೆಯಲ್ಲಿ ಮೆಟ್ರೋ ಓಡಾಡುವಂತಾದ ಮೇಲೆ ಬಾಡಿಗೆ ಮನೆಗಳಿಗೆ ಬೇಡಿಕೆ ಏರಿತ್ತು. ನನ್ನಿಂದ ಮನೆ ಬಿಡಿಸಲು ಒಂದು ನೆಪ ಬೇಕಾಗಿ ಇವರೇ ಏನಾದರೂ ಮಾಡಿದ್ದಾರೆಯೇ ಎಂದುಕೊಂಡೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ನಿಜಕ್ಕೂ ನನ್ನ ಕೈಯಿಂದಲೇ ಅಳಿಸಿಹೋಗಿದ್ದರೆ… ಒಬ್ಬ ಮನುಷ್ಯನ ದನಿಯನ್ನು ಎಲ್ಲಿಂದ ತಂದುಕೊಡಲಿ?

ರಿಮೋಟನ್ನು ಸುಮ್ಮನೆ ಒತ್ತುತ್ತಲೇ ಇದ್ದೆ. ಆಗ ಟಿವಿಯ ಮೂಲೆಯಲ್ಲಿ, ಏರುತ್ತಿದ್ದ ಅಂಕಿಯ ಪಕ್ಕ, ಒಂದು ಚಿಕ್ಕ ಗುರುತು ಕಂಡಿತು. ಸ್ಪೀಕರಿನ ಗುರುತಲ್ಲ, ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನಿನದು. ಗೋಡೆಗೂ ಟಿವಿಗೂ ನಡುವೆ ಕೈ ತೂರಿಸಿದೆ. ತೆಳ್ಳಗಿನ ವೈರು ಸಿಕ್ಕಿತು. ಎಳೆದೆ. ವೈರಿನ ಹಿಂದೆಯೇ, ಟಿವಿ ಸ್ಟ್ಯಾಂಡಿನ ಸಂದಿಯಿಂದ, ಕಂದು ಬಣ್ಣದ ಮಂಕಿ ಟೋಪಿ ಬಂತು. ಇಯರ್‌ಫೋನು ಅದರ ಒಳಗೇ ಇತ್ತು.

ಓನರಮ್ಮ ಟೋಪಿಯನ್ನು ಕೈಗೆ ತೆಗೆದುಕೊಂಡರು. ಮಡಿಚಿದರು, ಬಿಚ್ಚಿದರು.

“ಅಂದ್ರೆ… ಕೂಗಿದ್ದು ಕೇಳಿಸ್ತಿರ್ಲಿಲ್ವಾ ಅವ್ರಿಗೆ?”

“ಇದನ್ನ ಹಾಕ್ಕೊಂಡಿದ್ರೆ ಹೇಗೆ ಕೇಳ್ಸುತ್ತಮ್ಮ?”

“ಕಳ್ಳ” ಎಂದರು. “ಕಳ್ ನನ್ಮಗ.” ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಮರುಕ್ಷಣವೇ ತಲೆ ಎತ್ತಿದರು. “ಅವ್ರು ಅಂಗಡಿಗೇ ಹೋಗ್ತಿರ್ಲಿಲ್ಲ. ಇದ್ನ ತಂದ್ಕೊಟ್ಟಿದ್ಯಾರು? ನೀನಾ?”

“ದೇವರಾಣೆ ನಾನಲ್ಲಮ್ಮ.”

ನಾನಾಗಿರಲಿಲ್ಲ. ಅವರು ನಂಬಲಿಲ್ಲ.

ವೈರನ್ನು ಟಿವಿಯಿಂದ ಕಿತ್ತು, ನನ್ನ ಡಬ್ಬವನ್ನು ಮತ್ತೆ ಜೋಡಿಸಿದೆ. ಸದ್ದನ್ನು ತುದಿಗೆ ಏರಿಸಿಟ್ಟಿದ್ದು ಮರೆತೇ ಹೋಗಿತ್ತು. ಯಜಮಾನರು ಇಡೀ ಕೋಣೆ ನಡುಗುವ ಹಾಗೆ ಕೂಗಿದರು: “ಏಯ್, ಊಟ ಮಾಡ್ದೆ ಯಾರೂ ಹೋಗಂಗಿಲ್ಲ! ಬನ್ನಿ, ಬನ್ನಿ!”

ಆಚೆ ಮನೆಯ ಬಾಗಿಲು ತೆರೆದ ಸದ್ದಾಯಿತು. ಓರಗಿತ್ತಿ ನಮ್ಮ ಕಿಟಕಿಗೆ ಬಂದರು. “ಏನೇ ಇದು? ಎರಡು ಸಾವಾಗಿರೋ ಮನೆ, ವರ್ಷ ತುಂಬಿಲ್ಲ, ಮೈಕ್ ಸೆಟ್ ಹಾಕ್ದಂಗೆ ಹಾಕಿದೀಯಲ್ಲ?”

ನಾನು ರಿಮೋಟಿಗೆ ಕೈ ಹಾಕಿದೆ. ಓನರಮ್ಮ ನನ್ನ ಕೈ ಹಿಡಿದುಕೊಂಡರು.

“ನಿಮ್ಮೆಜಮಾನ್ರೂ ಇದಾರೆ ಇದ್ರಲ್ಲಿ. ಒಳಗ್ ಬಾ ಅಕ್ಕ.”

ಓರಗಿತ್ತಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಇಬ್ಬರೂ ಚಾಪೆಯ ಮೇಲೆ ಕೂತರು. ಅಣ್ಣ ತಮ್ಮ ಇಬ್ಬರೂ ಪರದೆಯಲ್ಲಿ ಪಾಯಸ ಸಾಲಲ್ಲವೆಂದು ಅಡುಗೆಯವನ ಜತೆ ಜಗಳವಾಡುತ್ತಿದ್ದರು. ನಾನು ಮೇಲಕ್ಕೆ ಬಂದೆ. ಗೋಡೆ, ಮೆಟ್ಟಿಲು, ಎಲ್ಲ ಕಡೆ ಆ ದನಿ ಕೇಳುತ್ತಿತ್ತು…

ಮುಂದೆ ಕೆಲಸ ಬದಲಾಗಿ ನಾನು ಅಂಜನಾಪುರಕ್ಕೆ ಬಂದೆ. ಕಳೆದ ಬೇಸಿಗೆಯಲ್ಲಿ ಓನರಮ್ಮನಿಗೆ ಹುಷಾರಿಲ್ಲವೆಂದು ಕೇಳಿ ನೋಡಲು ಹೋಗಿದ್ದೆ. ಗುರುತು ಹಿಡಿದರು. ಕೇಳಿದ ಮೊದಲ ಮಾತೇ ಅದು.

“ಈಗಲಾದ್ರೂ ಹೇಳು. ಅವ್ರಿಗೆ ತಂದ್ಕೊಟ್ಟಿದ್ದು ನೀನೇ ತಾನೆ?”

ಅವರಿಗೆ ಯಾರಾದರೊಬ್ಬರು ತಂದುಕೊಟ್ಟಿರಬೇಕಿತ್ತು. ಯಾರೂ ಇಲ್ಲದೆ ಆ ಮನುಷ್ಯ ಒಬ್ಬನೇ ಹೋಗಿ ಕದ್ದುಮುಚ್ಚಿ ಕೊಂಡು ತಂದನೆಂದುಕೊಳ್ಳುವುದು ಅವರಿಗೆ ಕಷ್ಟವಾಗುತ್ತಿತ್ತೇನೋ. ನಾನು “ಹೂಂ” ಎಂದೆ.

ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. “ಆವತ್ತು ಇಲ್ಲ ಅಂದೆ. ಇವತ್ತು ಹೂಂ ಅಂತಿದೀಯ. ಎರಡ್ರಲ್ಲಿ ಒಂದು ಸುಳ್ಳು.” ಆದರೂ ನಾನು ಏಳುವವರೆಗೆ ಕೈ ಬಿಡಲಿಲ್ಲ.

ಮಳೆಗಾಲಕ್ಕೆ ಮೊದಲೇ ಅವರು ಹೋದರು. ಯಾವುದು ಸುಳ್ಳೆಂದು ಅವರು ತೀರ್ಮಾನಿಸಿದ್ದರೋ ನನಗೆ ಗೊತ್ತಾಗಲಿಲ್ಲ. ಈಗಿನ ಮನೆಯ ಓನರು ನನ್ನನ್ನು ಏನೂ ಕೇಳುವುದಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುತ್ತಾರೆ. ಅಷ್ಟು ಕಣ್ಣಿಟ್ಟು ನನ್ನನ್ನು ನೋಡುವವರು ಈಗ ಯಾರೂ ಇಲ್ಲ.