ಹೆಸರು ಹಿಡಿದು ಕರೆದವಳು

“ಚಲೋ ಬಸವರಾಜ್, ಮೇರೆ ಪಾಸ್ ಆವೋ!” ಎಂದು ಪರೇಲಿನ ಆಸ್ಪತ್ರೆಯ ನರ್ಸ್ ಎರಡೂ ಕೈ ಚಾಚಿದಳು. ನನ್ನ ಗಂಡ ಊರುಗೋಲು ಬದಿಗಿಟ್ಟು, ತುಟಿ ಕಚ್ಚಿ, ಅವಳತ್ತ ಹೆಜ್ಜೆಯಿಟ್ಟೇಬಿಟ್ಟರು. ನನ್ನ ಹೊಟ್ಟೆ ಉರಿದುಹೋಯಿತು.

ಐವತ್ತರ ದಶಕದ ಮಾತಿದು. ಮಿಲ್ಲಿನ ಹುತುತು, ಅಂದರೆ ಕಬಡ್ಡಿ, ತಂಡದಲ್ಲಿ ಆಡುವಾಗ ಅವರ ತೊಡೆಯ ಸ್ನಾಯು ಹರಿದು, ಆಪರೇಷನ್ ಮಾಡಿ ಹೊಲಿದಿದ್ದರು. ಮನೆಯಲ್ಲಿ ನಾನು, “ಏನ್ರೀ, ಒಂದೀಟು ಅಡ್ಡಾಡ್ರಿ” ಎಂದು ಗೋಗರೆದರೂ, “ನೋಯ್ತೈತಿ ಬಿಡು” ಎಂದು ಗೋಡೆಗೆ ಮುಖ ಮಾಡುತ್ತಿದ್ದರು. ಧಾರವಾಡದ ಹೆಂಗಸು ನಾನು. ಗಂಡನ ಹೆಸರನ್ನು ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದೇ ಕೊನೆ. ಇವಳು ನೋಡಿದರೆ ದಿನಾ ಹೆಸರು ಹಿಡಿದು ಕರೆಯುತ್ತಾಳೆ, ಇವರು ಮಗುವಿನಂತೆ ನಡೆಯುತ್ತಾರೆ!

ಅಂದು ಸಂಜೆ ನಾವಿದ್ದ ಚಾಳಿನ ಉದ್ದನೆಯ ಗ್ಯಾಲರಿಯಲ್ಲಿ ಊರುಗೋಲು ಹಿಡಿದು ನಡೆಯುತ್ತಿದ್ದವರು ಅರ್ಧ ದಾರಿಗೇ ನಿಂತರು. ನಾನು ಆ ತುದಿಯಲ್ಲಿ ಸೆರಗು ಸಿಕ್ಕಿಸಿ, ಕೈ ಚಾಚಿ, “ಬಸವರಾಜ, ಬಾ ಇಲ್ಲೆ!” ಎಂದು ಕೂಗಿದೆ. ಇಡೀ ಚಾಳು ಬಾಗಿಲಿಗೆ ಬಂತು. ಅವರು ಬೆರಗಾಗಿ ನೋಡಿ, ಊರುಗೋಲು ಬಿಟ್ಟು, ನಗುತ್ತಾ ನನ್ನವರೆಗೂ ನಡೆದುಬಂದರು.

ಆಮೇಲೆ ಆ ಹೆಸರು ನನ್ನ ಬಾಯಿಗೆ ಬರಲಿಲ್ಲ. ಅವರಿಗೋ, ಆ ನರ್ಸ್ ಹೆಸರು ಇವತ್ತಿಗೂ ನೆನಪಿದೆ. ಅದನ್ನು ಮಾತ್ರ ನಾನಿಲ್ಲಿ ಬರೆಯುವುದಿಲ್ಲ.