ರೇಡಾರ್ ಮಾವನ ಇಲ್ಲದ ನೆಂಟರು

ಮೊನ್ನೆ ತಾರಸಿಯ ಮೇಲೆ ಅಕ್ಕಿ ಸಂಡಿಗೆ ಇಟ್ಟು ಕಾಗೆ ಕಾಯುತ್ತಾ ಕೂತಿದ್ದೆ. ಎದುರಿನ ಖಾಲಿ ಕುರ್ಚಿಯ ಮೇಲೆ ಹಿಟ್ಟಿನ ಪಾತ್ರೆ, ಕೈಯಲ್ಲಿ ಫೋನು. ಫೋನಿನಲ್ಲಿ ಮಳೆಯ ನಕ್ಷೆ ನೋಡುವುದು ಈಚೆಗೆ ನನಗೆ ಅಂಟಿಕೊಂಡ ಚಟ. ಎಲ್ಲೋ ದೂರದಲ್ಲಿರುವ ರೇಡಾರ್ ನೋಡಿ ಹೇಳುವುದಂತೆ, ಮಳೆ ಇದ್ದಲ್ಲೆಲ್ಲ ಹಸಿರು ಬಣ್ಣ. ಅವತ್ತು ಅರಸೀಕೆರೆಯ ನೆತ್ತಿಯ ಮೇಲೇ ಒಂದು ದೊಡ್ಡ ಹಸಿರು ಮಚ್ಚೆ. ನಕ್ಷೆಯ ಪ್ರಕಾರ ನಾನು ಆಗಲೇ ತೊಯ್ದು ತೊಪ್ಪೆಯಾಗಿರಬೇಕಿತ್ತು. ತಲೆಯೆತ್ತಿದರೆ ಮೋಡದ ಒಂದು ಚೂರೂ ಇಲ್ಲ, ಬಿಸಿಲಿಗೆ ನನ್ನ ನೆತ್ತಿ ಸುಡುತ್ತಿದೆ.

ನೀವಾಗಿದ್ದರೆ ಸಂಡಿಗೆ ಎತ್ತುತ್ತಿದ್ದಿರೋ, ಫೋನನ್ನು ಬೈಯುತ್ತಿದ್ದಿರೋ ಕಾಣೆ. ನನಗಂತೂ ನಗು ಬಂತು. "ಮೂರು ಸುತ್ತು ನೋಡೇ, ಆಮೇಲೆ ನಂಬು" ಎನ್ನುವ ಒಂದು ದನಿ ಕಿವಿಯಲ್ಲಿ ಕೇಳಿಸಿತು. ಅದು ನನ್ನ ಸೋದರಮಾವ ರುದ್ರಪ್ಪನವರ ದನಿ. ಊರಿಗೆಲ್ಲ ಅವರು ರೇಡಾರ್ ಮಾವ.

ಮಾವ ವಾಯುಪಡೆಯಲ್ಲಿ ರೇಡಾರ್ ಪರದೆಯ ಮುಂದೆ ಕೂತು ಕಣ್ಣು ಸವೆಸಿದವರು. ತೊಂಬತ್ತರ ದಶಕದ ಶುರುವಿನಲ್ಲಿ ನಿವೃತ್ತರಾಗಿ ಅರಸೀಕೆರೆಗೆ ಬಂದು ರೈಲ್ವೆ ಸ್ಟೇಷನ್ನಿನ ಹಿಂದೆ ಮನೆ ಕಟ್ಟಿದರು. ಪಡೆಯಿಂದ ತಂದದ್ದು ಒಂದು ಕಬ್ಬಿಣದ ಟ್ರಂಕು, ನಡುನಡುವೆ ಉದುರುವ ಹಿಂದಿ, ಮತ್ತೆ ಯಾವುದನ್ನೂ ಒಂದೇ ಏಟಿಗೆ ನಂಬದ ಸ್ವಭಾವ. ಕೊಬ್ಬರಿ ಧಾರಣೆ ಏರಿತಂತೆ ಎಂದರೆ "ಯಾರು ಹೇಳಿದ್ದು? ಇನ್ನೊಬ್ಬರನ್ನ ಕೇಳು" ಎನ್ನುವರು. ಒಳಗೆ ಹಾಲು ಉಕ್ಕುವ ವಾಸನೆ ಬಂದರೂ ಒಂದು ಗಳಿಗೆ ಕಾದು ಮತ್ತೊಮ್ಮೆ ಮೂಸಿ ನೋಡುವರು. "ನಿಮ್ಮ ಮೂರು ಸುತ್ತು ಮುಗಿಯೋ ಹೊತ್ತಿಗೆ ಹಾಲೆಲ್ಲ ಒಲೆ ಮೇಲಿರುತ್ತೆ ಕಣ್ರೀ" ಎಂದು ನಮ್ಮತ್ತೆ ಒರೆಸುವ ಬಟ್ಟೆ ಹಿಡಿದು ಬರುವರು.

ನಾನು ಆಗ ಅದೇ ಊರಿನ ಶಾಲೆಯೊಂದರಲ್ಲಿ ಹೊಸದಾಗಿ ಮೇಡಂ ಆಗಿದ್ದೆ. ಮೇಡಂ ಎಂದ ಮೇಲೆ ಎಲ್ಲ ಗೊತ್ತು ಎನ್ನುವ ಭ್ರಮೆ ಇರಲೇಬೇಕಲ್ಲ. ರೇಡಾರ್ ಎಂದರೆ ದೂರದ್ದನ್ನು ತೋರಿಸುವ ದೊಡ್ಡ ದುರ್ಬೀನು ಎಂದು ಮಕ್ಕಳಿಗೆ ಪಾಠ ಮಾಡಿ ಬಂದು ಮಾವನ ಮುಂದೆ ಜಂಬ ಕೊಚ್ಚಿದೆ. ಮಾವ ಮುಂದಿನ ರಜೆಯಲ್ಲಿ ನನ್ನನ್ನೂ ಅವರ ಮಗಳು ಗಿರಿಜೆಯನ್ನೂ ಹುಲಿಕೆರೆಗೆ ಕರೆದುಕೊಂಡು ಹೋದರು. ಅಲ್ಲಿನ ಮೆಟ್ಟಿಲು ಕೊಳ ನೀವು ನೋಡಿರಬಹುದು. ನೀರಿನ ಹತ್ತಿರದ ಮೆಟ್ಟಿಲಲ್ಲಿ ನಮ್ಮನ್ನು ನಿಲ್ಲಿಸಿ, ಕಣ್ಣು ಮುಚ್ಚಿಸಿ, ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಸದ್ದು ಎದುರಿನ ಕಲ್ಲಿಗೆ ಬಡಿದು ಬಂತು, ಪಕ್ಕದ ಪುಟ್ಟ ಗುಡಿಗಳಿಗೆ ಬಡಿದು ಬಂತು.

"ಎಷ್ಟು ಜನ ತಟ್ಟಿದ್ರು?"

"ನೀವೊಬ್ಬರೇ ಮಾವ."

"ಅದು ನಿನಗೆ ನಾನು ಗೊತ್ತಿರೋದಕ್ಕೆ. ರೇಡಾರಿಗೆ ನಾನು ಗೊತ್ತಿಲ್ಲ. ಅದು ಒಂದು ಕೂಗು ಹಾಕುತ್ತೆ, ವಾಪಸ್ ಬಂದ್ರೆ ಪರದೆ ಮೇಲೆ ಒಂದು ಚುಕ್ಕೆ ಇಡುತ್ತೆ. ವಿಮಾನಕ್ಕೆ ಬಡೀತೋ, ಸಂಜೆ ಗೂಡಿಗೆ ಹೋಗೋ ಕೊಕ್ಕರೆ ಹಿಂಡಿಗೆ ಬಡೀತೋ, ಅದು ಹೇಳಲ್ಲ. ಒಂದೇ ವಿಮಾನದ ಕೂಗು ನೀರಿನ ಟ್ಯಾಂಕಿಗೂ ಬಡಿದು ಬಂದ್ರೆ ಎರಡು ವಿಮಾನ ಕಾಣುತ್ತೆ. ಗಾಳಿ ಒಂದೊಂದು ದಿನ ಆ ಕೂಗನ್ನ ನೆಲದ ಕಡೆಗೆ ಬಗ್ಗಿಸಿಬಿಡುತ್ತೆ. ಆಗ ಯಾವತ್ತೂ ಕಾಣದ ದೂರದ ಗುಡ್ಡ ಬಂದು ಪರದೆ ಮೇಲೆ ಕೂತ್ಕೊಳ್ಳುತ್ತೆ."

"ಹಾಗಾದ್ರೆ ನಿಜ ಯಾವುದು ಅಂತ ಗೊತ್ತಾಗೋದು ಹೇಗೆ?"

"ರೇಡಾರ್ ತಟ್ಟೆ ಸುತ್ತುತ್ತಾನೇ ಇರುತ್ತೆ, ಮೂರು ಸುತ್ತು ನೋಡ್ಬೇಕು. ನಿಜವಾದ್ದು ಪ್ರತಿ ಸುತ್ತಿಗೂ ಒಂದು ಲೆಕ್ಕಕ್ಕೆ ಸರಿಯಾಗಿ ಮುಂದೆ ಹೋಗುತ್ತೆ. ಆದ್ರೂ ಅನುಮಾನ ಇದ್ರೆ ಇನ್ನೊಂದು ಸ್ಟೇಷನ್ನಿಗೆ ಫೋನ್ ಮಾಡಿ, ನಿಮಗೂ ಕಾಣ್ತಾ ಇದ್ಯಾ ಅಂತ ಕೇಳ್ಬೇಕು."

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಹೇಳಿದ ಇನ್ನೊಂದು ಮಾತು ಮುಂದೆ ಬಹಳ ಸಲ ನೆನಪಾಗಿದೆ. ಅವರ ಸ್ಟೇಷನ್ನಿನ ಎದುರು ಒಂದು ಗುಡ್ಡವಿತ್ತಂತೆ. ಪರದೆಯ ಮೇಲೆ ಅದರ ಚುಕ್ಕೆ ಯಾವಾಗಲೂ ಇದ್ದೇ ಇರುತ್ತಿತ್ತು. ಎಲ್ಲರಿಗೂ ಗೊತ್ತಿದ್ದ ಚುಕ್ಕೆಯಾದ್ದರಿಂದ ಅದರತ್ತ ಯಾರೂ ಕಣ್ಣು ಹಾಯಿಸುತ್ತಿರಲಿಲ್ಲ. ಒಂದು ದಿನ ವಿಮಾನವೊಂದು ಆ ಗುಡ್ಡದ ನೇರಕ್ಕೇ ಬಂತು, ಮಾವನಿಗೆ ಕಾಣಲೇ ಇಲ್ಲ. ಪುಣ್ಯಕ್ಕೆ ಅದು ನಮ್ಮದೇ ವಿಮಾನವಾಗಿತ್ತು. "ಸುಳ್ಳನ್ನ ನಿಜ ಅಂದ್ಕೊಳ್ಳೋದು ಸಣ್ಣ ತಪ್ಪು ಕಣೇ. ಇದು ಸುಳ್ಳೇ ಅಂತ ತೀರ್ಮಾನ ಮಾಡಿಟ್ಟ ಜಾಗಕ್ಕೆ ನಿಜವಾದ್ದು ಬಂದು ಕೂತ್ಕೊಂಡ್ರೆ ಏನು ಮಾಡ್ತೀಯ?" ಎಂದರು. ನಾನು ಕಡಲೆಕಾಯಿ ಸುಲಿಯುವುದರಲ್ಲಿ ಮುಳುಗಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಾವನ ಕಣ್ಣು ಕೈಕೊಟ್ಟಿತು. ಪೊರೆಯಲ್ಲ, ತೆಗೆಸಿದರೆ ಹೋಗುವಂಥದ್ದಲ್ಲ. ಕಣ್ಣಿನ ಹಿಂದಿನ ಪರದೆಯ ನಡುಭಾಗವೇ ಸವೆದುಹೋಗಿತ್ತು. ನೇರವಾಗಿ ನೋಡಿದರೆ ಮುಖದ ಜಾಗದಲ್ಲಿ ಮಂಜು, ಓರೆಯಾಗಿ ನೋಡಿದರೆ ಸ್ವಲ್ಪ ಸ್ವಲ್ಪ ಕಾಣುತ್ತಿತ್ತು. ಒಂದು ಬೆಳಿಗ್ಗೆ ಹೋದಾಗ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು, "ಆ ಸುಣ್ಣದ ಗೋಡೆ ಮೇಲೆ ಏನಾದ್ರೂ ಇದ್ಯೇನೇ?"

"ಏನೂ ಇಲ್ಲ ಮಾವ."

"ನನಗೆ ಆನೆ ಸಾಲು ಕಾಣ್ತಾ ಇದೆ. ಹಳೇಬೀಡಿನ ಗುಡಿಯ ಕೆಳಗಿನ ಸಾಲಲ್ಲಿ ಇದಾವಲ್ಲ, ಹಂಗೇ. ಒಂದರ ಹಿಂದೆ ಒಂದು ಹೋಗ್ತಾನೇ ಇವೆ."

ನಾನು ಎದ್ದು ಹೋಗಿ ಗೋಡೆಯನ್ನು ಮುಟ್ಟಿ ನೋಡಿದೆ. ಅವರು ಮಾತ್ರ ಪರದೆಯ ಮುಂದೆ ಡ್ಯೂಟಿಗೆ ಕೂತವರ ಹಾಗೆ ವಿವರ ಕೊಡುತ್ತಿದ್ದರು. ಆನೆಗಳಲ್ಲದೆ ಹಸಿರು ಸೀರೆಯ ಒಬ್ಬ ಹೆಂಗಸೂ ಬರುತ್ತಾಳೆ. ಕಿಟಕಿಯ ಹತ್ತಿರದ ಬೆತ್ತದ ಕುರ್ಚಿಯಲ್ಲಿ ಕೂರುತ್ತಾಳೆ, ಮಾತಿಲ್ಲ ಕತೆಯಿಲ್ಲ. ಯಾರೋ ಏನೋ, ನೋಡಿದ ಮುಖವೂ ಅಲ್ಲ. "ವಿಚಿತ್ರ ಏನು ಗೊತ್ತಾ? ಇರೋರೆಲ್ಲ ನನಗೆ ಮಸುಕು. ಇಲ್ಲದೋರು ಮಾತ್ರ ಸೀರೆ ಅಂಚಿನ ಸಮೇತ ಸ್ಪಷ್ಟ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಹುಚ್ಚು ಹಿಡೀತಾ ಇದ್ಯೇನೋ ಅಂತ ಭಯ ಆಗುತ್ತೆ ಕಣೇ" ಎಂದರು. ಆ ಮನುಷ್ಯ ಭಯ ಎನ್ನುವ ಮಾತನ್ನು ಆಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ಹಾಸನದ ಕಣ್ಣಿನ ಡಾಕ್ಟರು ಇದು ಹುಚ್ಚಲ್ಲ ಎಂದರು. ಕಣ್ಣು ಚಿತ್ರ ಕಳಿಸುವುದು ಕಡಿಮೆಯಾದಾಗ ಮಿದುಳು ಕೆಲವರಿಗೆ ತಾನೇ ಚಿತ್ರ ಬರೆದುಕೊಳ್ಳುತ್ತದಂತೆ. ಮಾವ ಕೋಣೆಯಿಂದ ಹೊರಗೆ ಬಂದವರು ಎಷ್ಟೋ ದಿನದ ಮೇಲೆ ನೆಟ್ಟಗೆ ನಡೆದರು. "ಇಷ್ಟೇನಾ! ದೂರದ ಸ್ಟೇಷನ್ ಸರಿಯಾಗಿ ಸಿಗದೇ ಇದ್ರೆ ರೇಡಿಯೋ ವಾಲ್ಯೂಮ್ ಪೂರ್ತಿ ಏರಿಸ್ತೀವಿ, ಬರೀ ಕರಕರ ಬರುತ್ತೆ. ರೇಡಾರಲ್ಲೂ ಹಂಗೇ, ಬರೋ ಕೂಗು ಕ್ಷೀಣ ಅಂತ ಮಿಷಿನ್ ಜೋರು ಮಾಡಿದ್ರೆ ಆ ಕರಕರವೇ ಚುಕ್ಕೆಯಾಗಿ ಕಾಣುತ್ತೆ. ನನ್ನ ತಲೆ ಈಗ ವಾಲ್ಯೂಮ್ ಏರಿಸಿಕೊಂಡಿದೆ" ಎಂದು ಬಸ್ ಸ್ಟ್ಯಾಂಡಿನವರೆಗೂ ಹೇಳುತ್ತಾ ಬಂದರು. ಅಂದಿನಿಂದ ನಾನು ಅವರ ಇನ್ನೊಂದು ಸ್ಟೇಷನ್ ಆದೆ. ಅವರು ಕೇಳುವುದು, ನಾನು ಹೌದು ಅಥವಾ ಇಲ್ಲ ಎನ್ನುವುದು.

ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. ಗಿರಿಜೆಗೆ ಗಂಡು ನೋಡುತ್ತಿದ್ದ ಕಾಲ ಅದು. "ಹುಚ್ಚಲ್ಲ ಅಂತ ಡಾಕ್ಟ್ರು ನಮಗೆ ಹೇಳಿದ್ರು. ಹೆಣ್ಣು ನೋಡೋಕೆ ಬರೋರಿಗೆ ಯಾರು ಹೇಳ್ತಾರೆ? ಅಪ್ಪನಿಗೆ ಹೀಗಂತೆ ಅಂತ ಒಂದು ಮಾತು ಹೊರಗೆ ಬಿದ್ರೆ ನನ್ನ ಮಗಳ ಗತಿ ಏನು?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರ ಭಯ ಸುಳ್ಳಾಗಿರಲಿಲ್ಲ. ಮಾದಿಹಳ್ಳಿಯಿಂದ ಹಾಲಿನ ಡೈರಿಯಲ್ಲಿ ಕೆಲಸದಲ್ಲಿರುವ ಒಬ್ಬ ಹುಡುಗನ ಸಂಬಂಧ ಬಂದಾಗ, ಅವತ್ತೊಂದು ದಿನ ಮಾವನನ್ನು ನಮ್ಮ ಮನೆಗೆ ಕಳಿಸಿಬಿಡುವ ಯೋಚನೆಯೂ ಆಯಿತು. ಗಿರಿಜೆ ಒಪ್ಪಲಿಲ್ಲ. "ಅಪ್ಪ ಇಲ್ಲದೆ ನಾನು ಹೊರಗೆ ಬಂದು ಕೂರಲ್ಲ" ಎಂದಳು. ಕೊನೆಗೆ ಒಂದು ಏರ್ಪಾಡಾಯಿತು. ನಾನು ಮಾವನ ಪಕ್ಕ ನಿಂತು ಬಂದವರ ಗುರುತನ್ನು ಮೆಲ್ಲಗೆ ಹೇಳಬೇಕು. ನಾನು ಹೇಳದವರಿಗೆ ಅವರು ನಮಸ್ಕಾರ ಮಾಡಬಾರದು.

ಬಂದವರು ಟೆಂಪೋದಿಂದ ಇಳಿದರು. "ಬಿಳಿ ಪಂಚೆ, ಹುಡುಗನ ಅಪ್ಪ" ಎಂದೆ. ಮಾವ "ಶರಣು, ಬನ್ನಿ ಬನ್ನಿ" ಎಂದರು. "ನೀಲಿ ಶರ್ಟು, ಹುಡುಗ." ಅವನಿಗೂ ಆಯಿತು. ಎಲ್ಲ ಸುಸೂತ್ರವಾಗಿ ನಡೆದು, ತೆಂಗಿಗೆ ಬಿದ್ದ ನುಸಿಯ ವಿಚಾರಕ್ಕೆ ಮಾತು ಹೊರಳಿತು. ತೆಂಗಿನ ಸೀಮೆಯಲ್ಲಿ ನುಸಿಯ ಮಾತು ಶುರುವಾದರೆ ಅರ್ಧ ನೆಂಟಸ್ತನ ಕುದುರಿದಂತೆಯೇ. ಅಷ್ಟರಲ್ಲಿ ಅತ್ತೆ ಉಪ್ಪಿಟ್ಟಿನ ತಟ್ಟೆ ತರಲು ನನ್ನನ್ನು ಒಳಗೆ ಕರೆದರು.

ಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದ ಹುಡುಗನ ಅಜ್ಜಿ ಗೌರಮ್ಮ ಬಂದದ್ದು ಆಗಲೇ. ಆಕೆ ಉಟ್ಟಿದ್ದು ಹಸಿರು ಸೀರೆ, ಹೋಗಿ ಕೂತದ್ದು ಕಿಟಕಿಯ ಹತ್ತಿರದ ಬೆತ್ತದ ಕುರ್ಚಿ. ಬಾಯಿ ತುಂಬ ಎಲೆಯಡಿಕೆ ಇದ್ದದ್ದರಿಂದ ಮಾತಾಡಲಾರದೆ ಮಾವನತ್ತ ತಿರುಗಿ ಬರೀ ಕೈ ಮುಗಿದರು. ಮಾವ ಒಮ್ಮೆ ಓರೆಗಣ್ಣಿನಲ್ಲಿ ಆ ಕಡೆ ನೋಡಿ, ಮುಖ ತಿರುಗಿಸಿಕೊಂಡು ನುಸಿಯ ಮಾತು ಮುಂದುವರಿಸಿದರು. ಗೌರಮ್ಮ ಮತ್ತೆ ಕೈ ಮುಗಿದರು. ಮಾವ ಆ ಕಡೆ ನೋಡಲೂ ಇಲ್ಲ.

ನಾನು ತಟ್ಟೆ ಹಿಡಿದು ಬರುವ ಹೊತ್ತಿಗೆ ಹುಡುಗನ ಅಪ್ಪನ ಮುಖ ಬಿಗಿದಿತ್ತು. "ನಮ್ಮವ್ವ ಅವಾಗ್ಲಿಂದ ಕೈ ಮುಗೀತಾವ್ರೆ, ಯಜಮಾನ್ರು ಕಣ್ಣೆತ್ತಿ ನೋಡ್ತಾನೂ ಇಲ್ವಲ್ಲ" ಎಂದರು. ಅತ್ತೆ ಅಡುಗೆಮನೆಯಿಂದ ಓಡಿ ಬಂದು "ಅವ್ರಿಗೆ ದೃಷ್ಟಿ ಸ್ವಲ್ಪ ಮಂದ..." ಎಂದು ಶುರು ಮಾಡಿದರು. ಮಾವ ಕೈಯೆತ್ತಿ ತಡೆದರು. ಅವರ ಮುಖ ಬಿಳಿಚಿಕೊಂಡಿತ್ತು. ಎದ್ದು, ಗೋಡೆ ಹಿಡಿದುಕೊಂಡು ಕಿಟಕಿಯವರೆಗೆ ನಡೆದು, ಕುರ್ಚಿಯ ಮುಂದೆ ಕೈ ಮುಗಿದು ನಿಂತರು.

"ತಪ್ಪಾಯ್ತಮ್ಮ. ನನ್ನ ಕಣ್ಣಿಗೆ ಇಲ್ಲದೋರೆಲ್ಲ ಕಾಣ್ತಾರೆ. ಈ ಕುರ್ಚಿ ಮೇಲೆ ಹಸಿರು ಸೀರೆ ಉಟ್ಕೊಂಡು ಒಬ್ಬಾಕೆ ದಿನಾ ಬಂದು ಕೂರ್ತಾಳೆ. ಅವಳು ಇಲ್ಲ ಅಂತ ನನಗೆ ಗೊತ್ತು, ಅದಕ್ಕೆ ತಿರುಗಿ ನೋಡೋದನ್ನೇ ಬಿಟ್ಟಿದ್ದೆ. ಇವತ್ತು ನಿಜವಾಗ್ಲೂ ನೀವು ಬಂದು ಕೂತಿದ್ದೀರಿ. ಹುಚ್ಚಲ್ಲ ಅಂತಾರೆ ಡಾಕ್ಟ್ರು. ಆದ್ರೂ ಇದನ್ನ ಮುಚ್ಚಿಟ್ಟು ಮಗಳನ್ನ ಕೊಡೋದು ಬೇಡ."

ಅತ್ತೆ ಬಾಗಿಲಿಗೆ ಒರಗಿಕೊಂಡು ಕಣ್ಣು ಮುಚ್ಚಿದರು. ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದು ನನಗೆ ತೋಚಲಿಲ್ಲ. ಗೌರಮ್ಮ ಎದ್ದು, ಕಿಟಕಿಯಾಚೆ ಬಗ್ಗಿ ಎಲೆಯಡಿಕೆ ಉಗಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಸಾವಕಾಶವಾಗಿ ಮತ್ತೆ ಕೂತರು.

"ನಿಂಗೆ ಹೆಂಗ್ಸು ಬತ್ತಾಳಾ? ನಂಗೆ ಕಣ್ಣು ಮಂಜಾದಾಗಿಂದ ಮಕ್ಳು ಬತ್ತವೆ ಕಣಪ್ಪ. ಕೆಂಪು ಟೋಪಿ ಹಾಕ್ಕಂಡು ಒಲೆ ಹತ್ರ ನಿಂತ್ಕತವೆ. ಕರುದ್ರೆ ಓಗೊಡಲ್ಲ."

"ಅವ್ವಾ!" ಎಂದರು ಮಗ.

"ಏನ್ಲಾ? ನಿಂಗೆ ಯೋಳಿದ್ರೆ ದೆವ್ವ ಬಿಡ್ಸಕೆ ಕರ್ಕಂಡು ಓಯ್ತಿದ್ದೆ. ಅದ್ಕೇ ಸುಮ್ಕಿದ್ದೆ."

ಮಾವ ಅಲ್ಲೇ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. "ಮಸುಕಾಗಿ ಕಾಣ್ತಾವಾ, ಸ್ಪಷ್ಟವಾಗಿ ಕಾಣ್ತಾವಾ?"

"ನಿನ್ ಮುಖಕ್ಕಿಂತ ಸಂದಾಗಿ ಕಾಣ್ತವೆ."

ಮಾವ ನಕ್ಕರು. ಹಾಗೆ ನಗುವುದನ್ನು ಅವರು ಮರೆತೇ ಬಿಟ್ಟಿದ್ದಾರೆಂದು ನಾನು ತಿಳಿದಿದ್ದೆ. ಇಬ್ಬರೂ ತಲೆಗೆ ತಲೆ ಕೊಟ್ಟು ಕೂತು ಆನೆ, ಟೋಪಿ, ಸೀರೆಯ ಅಂಚು ಎಂದು ಮಾತಿಗೆ ಶುರುವಿಟ್ಟರು. ಕಾಫಿ ಹಿಡಿದು ಬಂದ ಗಿರಿಜೆಯನ್ನು ಹುಡುಗನೊಬ್ಬನನ್ನು ಬಿಟ್ಟು ಯಾರೂ ನೋಡಲಿಲ್ಲ. ಅವನು ನೋಡಿದ್ದೇ ಸಾಕಾಯಿತು. ಹೊರಡುವಾಗ ಹುಡುಗನ ಅಪ್ಪ ಏನೋ ರಾಗ ಎಳೆದರಂತೆ. "ನಾನು ಬಾಯ್ಬಿಟ್ಟು ಮಾತಾಡಾಕೆ ಒಂದು ಮನೆ ಸಿಕ್ಕೈತೆ, ಅದ್ನೂ ತಪ್ಪಿಸ್ತೀಯೇನ್ಲಾ?" ಎಂದು ಅಜ್ಜಿ ಗದರಿದ ಮೇಲೆ ಅವರು ತುಟಿ ಎರಡು ಮಾಡಲಿಲ್ಲ.

ಮದುವೆ ಬೇಲೂರಿನ ಛತ್ರದಲ್ಲಿ ಆಯಿತು. ಮಾರನೆಯ ದಿನ ಗೌರಮ್ಮ ಮಾವನನ್ನು ಹಳೇಬೀಡಿನ ಗುಡಿಗೆ ಹೊರಡಿಸಿದರು. ಮಾವ ಆನೆಗಳ ಸಾಲನ್ನು ಓರೆಗಣ್ಣಿನಲ್ಲಿ ನೋಡಿದರು, ನೇರವಾಗಿ ನೋಡಿದರು. "ಮಸುಕಾಗಿವೆ. ಹಂಗಾದ್ರೆ ಇವು ನಿಜವಾದವೇ" ಎಂದರು.

ಅಂದಿನಿಂದ ಭಾನುವಾರ ಬೆಳಿಗ್ಗೆ ಮಾದಿಹಳ್ಳಿಯಿಂದ ಫೋನು ಬರುವುದು ರೂಢಿಯಾಯಿತು. "ಈ ವಾರ ನಿಮ್ಮಲ್ಲಿ ಯಾರು ಬಂದಿದ್ರು?" ಎಂದು ಮಾವ, "ನಿಂದು ಮೊದ್ಲು ಯೋಳು" ಎಂದು ಆಕೆ. ನಮ್ಮೆಲ್ಲರಿಗೂ ಅದು ತಮಾಷೆಯಾಗಿತ್ತು. ಆ ಇಬ್ಬರಿಗೆ ಅದೇ ಧೈರ್ಯವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮಾವ ತೀರಿಕೊಂಡು ತಿಥಿ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ನಾನು ಅತ್ತೆಯ ಜೊತೆಗಿದ್ದೆ. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಅತ್ತೆ ಕದಲಲಿಲ್ಲ. ನಾನೇ ಎತ್ತಿದೆ.

"ಇನ್ಮೇಲೆ ನಾನು ಯಾರ್ನ ಕೇಳ್ಲವ್ವ?" ಎಂದರು ಗೌರಮ್ಮ.

"ನನ್ನನ್ನೇ ಕೇಳಿ ಅಜ್ಜಿ."

"ನಮ್ಮನೆ ಬಾಗ್ಲತ್ರ ನಿಮ್ಮಾವ ನಿಂತವ್ರೆ. ಬಿಳೀ ಅಂಗಿ ಹಾಕವ್ರೆ, ಗುಂಡಿ ಸೈತ ಸಂದಾಗಿ ಕಾಣ್ತೈತೆ. ಇಲ್ಲ ಅಂತ ನಂಗೊತ್ತು ಕಣವ್ವ, ಅದ್ನ ಕೇಳಾಕೆ ಮಾಡ್ಲಿಲ್ಲ. ಬಂದೋರು ನಿಂತೇ ಅವ್ರೆ. ಕೂತ್ಕಳಿ ಅನ್ಲಾ?"

"ಅನ್ನಿ ಅಜ್ಜಿ" ಎಂದೆ.

ಈಗ ಗೌರಮ್ಮನೂ ಇಲ್ಲ. ಮೊನ್ನೆ ತಾರಸಿಯ ಮೇಲೆ ಕೂತು ಫೋನಿನ ನಕ್ಷೆಯನ್ನು ಮತ್ತೆ ಮತ್ತೆ ನೋಡಿದೆ. ಮೂರು ಸುತ್ತಾದರೂ ಹಸಿರು ಮಚ್ಚೆ ಕದಲಲಿಲ್ಲ. ಇನ್ನೊಂದು ಸ್ಟೇಷನ್ ಕೇಳಬೇಕಲ್ಲ, ಮಾದಿಹಳ್ಳಿಗೆ ಗಿರಿಜೆಗೆ ಫೋನು ಮಾಡಿದೆ. "ಇಲ್ಲ ಕಣಕ್ಕ, ಇಲ್ಲೂ ಬಿಸಿಲೇ. ಯಾಕೆ, ನಿಮ್ಮಲ್ಲಿ ಯಾರು ಬಂದಿದ್ರು?" ಎಂದಳು.

"ಇಲ್ಲದ ಮಳೆ" ಎಂದೆ. ಅವಳು ನಕ್ಕಳು.

ಸಂಡಿಗೆ ಎತ್ತಲಿಲ್ಲ. ಬಂದವರು ನಿಂತೇ ಇರಬಾರದಲ್ಲ, ಎದುರಿನ ಕುರ್ಚಿಯ ಮೇಲಿದ್ದ ಹಿಟ್ಟಿನ ಪಾತ್ರೆಯನ್ನು ಮಾತ್ರ ತೆಗೆದು ಕೆಳಗಿಟ್ಟೆ.